ಫ್ಯಾಮಿಲಿ, ಲವ್, ಹಸ್ಬೆಂಡ್: ಫಾರ್ವರ್ಡ್‌ಗಳು ಹೇಳುವ ‘ನಿಜವಾದ ಅರ್ಥ’ ಎಷ್ಟು ನಿಜ?

ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಈ ಸಂದೇಶವನ್ನು ನೀವು ಒಮ್ಮೆಯಾದರೂ ನೋಡಿರುತ್ತೀರಿ. ಗುಲಾಬಿ ಹೂವಿನ ಚಿತ್ರ, ಅದರ ಕೆಳಗೆ ಒಂದು ಪ್ರಶ್ನೆ: ‘ಫ್ಯಾಮಿಲಿ ಪದದ ಫುಲ್ ಫಾರ್ಮ್ ನಿಮಗೆ ಗೊತ್ತೇ?’ ಉತ್ತರವೂ ಅಲ್ಲೇ ಇರುತ್ತದೆ: ‘ಫಾದರ್ ಅಂಡ್ ಮದರ್ ಐ ಲವ್ ಯೂ’. ಎಫ್, ಎ, ಎಂ, ಐ, ಎಲ್, ವೈ. ಅಕ್ಷರಗಳು ಒಂದೊಂದೂ ಸರಿಯಾಗಿ ಕೂತಿವೆ. ಓದಿದವರಿಗೆ ಅಪ್ಪ ಅಮ್ಮ ನೆನಪಾಗುತ್ತಾರೆ, ಬೆರಳು ತಾನಾಗಿಯೇ ಫಾರ್ವರ್ಡ್ ಬಟನ್ ಕಡೆಗೆ ಹೋಗುತ್ತದೆ.

ಇದೇ ಜಾತಿಯ ಇನ್ನೂ ಕೆಲವು ಸಂದೇಶಗಳಿವೆ. ‘ಲವ್’ ಅಂದರೆ ‘ಲೇಕ್ ಆಫ್ ಸಾರೋ, ಓಷನ್ ಆಫ್ ಟಿಯರ್ಸ್, ವ್ಯಾಲಿ ಆಫ್ ಡೆತ್, ಎಂಡ್ ಆಫ್ ಲೈಫ್’. ಅಂದರೆ ದುಃಖದ ಕೆರೆ, ಕಣ್ಣೀರಿನ ಕಡಲು, ಸಾವಿನ ಕಣಿವೆ, ಬದುಕಿನ ಕೊನೆ. ‘ವೈಫ್’ ಅಂದರೆ ‘ವರೀಸ್ ಇನ್ವೈಟೆಡ್ ಫಾರ್ ಎವರ್’, ಶಾಶ್ವತವಾಗಿ ಬರಮಾಡಿಕೊಂಡ ಚಿಂತೆ. ‘ಹಸ್ಬೆಂಡ್’ ಅಂದರೆ ‘ಹೌಸ್ ಬ್ಯಾಂಡ್’, ಮನೆಯನ್ನು ಕಟ್ಟಿ ಹಿಡಿದಿರುವ ಪಟ್ಟಿ.

ಇವೆಲ್ಲ ತಮಾಷೆಗೆ ಹುಟ್ಟಿದ ಮಾತುಗಳು. ತಮಾಷೆಯಾಗಿಯೇ ಉಳಿದರೆ ನಮ್ಮ ತಕರಾರಿಲ್ಲ. ಆದರೆ ನಾಲ್ಕಾರು ಕೈ ದಾಟುವ ಹೊತ್ತಿಗೆ ಅದೇ ಮಾತು ‘ಈ ಪದದ ನಿಜವಾದ ಅರ್ಥ ಇದು’ ಎಂಬ ಹೊಸ ವೇಷ ಹಾಕಿರುತ್ತದೆ. ಆಮೇಲೆ ಅದು ವಾದಕ್ಕೂ ಬಳಕೆಯಾಗುತ್ತದೆ: ‘ಗಂಡನೇ ಯಜಮಾನ ಅಂತ ಪದವೇ ಹೇಳುತ್ತದಲ್ಲ!’ ಹಾಗಾಗಿ ಇಂಗ್ಲಿಷಿನಲ್ಲಿ ಪ್ರೀತಿ, ಮದುವೆ, ಸಂಸಾರಕ್ಕೆ ಸಂಬಂಧಿಸಿದ ಪದಗಳು ಎಲ್ಲಿಂದ ಬಂದವು, ಹಿಂದೆ ಅವುಗಳ ಅರ್ಥ ಏನಿತ್ತು, ಆ ಹಳೆಯ ಅರ್ಥಕ್ಕೆ ಇವತ್ತು ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಇಲ್ಲಿ ನೋಡೋಣ.

ಫ್ಯಾಮಿಲಿ: ಶುರುವಿನಲ್ಲಿ ಆಳುಕಾಳುಗಳು

‘ಫ್ಯಾಮಿಲಿ’ ಬಂದಿರುವುದು ಲ್ಯಾಟಿನ್ ಭಾಷೆಯ ‘ಫಮಿಲಿಯಾ’ದಿಂದ. ಅದರ ಬೇರು ‘ಫಮುಲುಸ್’. ಅರ್ಥ: ಸೇವಕ, ದಾಸ. ಪ್ರಾಚೀನ ರೋಮ್‌ನಲ್ಲಿ ‘ಫಮಿಲಿಯಾ’ ಎಂದರೆ ಒಬ್ಬ ಯಜಮಾನನ ಅಧಿಕಾರದ ಕೆಳಗಿದ್ದ ಎಲ್ಲರೂ. ಅದರಲ್ಲಿ ಮನೆಯ ಗುಲಾಮರೂ ಸೇರಿದ್ದರು. ಎಷ್ಟೋ ಕಡೆ ಗುಲಾಮರ ಗುಂಪನ್ನಷ್ಟೇ ಈ ಪದದಿಂದ ಕರೆಯುತ್ತಿದ್ದರು.

ಸುಮಾರು 15ನೇ ಶತಮಾನದಲ್ಲಿ ಈ ಪದ ಇಂಗ್ಲಿಷಿಗೆ ಬಂದಾಗಲೂ ಮೊದಲ ಅರ್ಥ ಮನೆಯ ಆಳುಕಾಳುಗಳು ಎಂದೇ ಇತ್ತು. ತಂದೆ, ತಾಯಿ, ಮಕ್ಕಳು ಎಂಬ ಇಂದಿನ ಅರ್ಥ ಬಲವಾಗಿದ್ದು ಅದರ ನಂತರ. ಅಪ್ಪ ಅಮ್ಮನ ಮೇಲಿನ ಪ್ರೀತಿಯ ಸಂಕೇತ ಎಂದು ನಾವು ಹಂಚಿಕೊಂಡ ಪದದ ಹಿಂದೆ ಇದ್ದದ್ದು ಗುಲಾಮರ ಮನೆ.

ಫುಲ್ ಫಾರ್ಮ್ ಕಥೆಗಳನ್ನು ಅನುಮಾನಿಸಲು ಒಂದು ಸರಳ ಕಾರಣವಿದೆ. ಪದಗಳ ಮೊದಲ ಅಕ್ಷರಗಳನ್ನು ಜೋಡಿಸಿ ಹೊಸ ಪದ ಮಾಡುವ ಅಭ್ಯಾಸ ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು 20ನೇ ಶತಮಾನದಲ್ಲಿ. ರೇಡಾರ್, ಲೇಸರ್ ಹಾಗೆ ಹುಟ್ಟಿದ ನಿಜವಾದ ಉದಾಹರಣೆಗಳು. ಸಾವಿರ ವರ್ಷ ಹಳೆಯ ಮನೆಮಾತಿನ ಪದಕ್ಕೆ ಫುಲ್ ಫಾರ್ಮ್ ಇರುವುದಿಲ್ಲ. ‘ನ್ಯೂಸ್’ ಅಂದರೆ ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣ ಎಂಬ ಸಂದೇಶವೂ ಇದೇ ಸಾಲಿಗೆ ಸೇರಿದ್ದು. ಅದು ‘ನ್ಯೂ’, ಅಂದರೆ ಹೊಸದು ಎಂಬ ಪದದ ಬಹುವಚನ, ಅಷ್ಟೇ.

ಲವ್ ಮತ್ತು ಲೋಭ: ದೂರದ ನೆಂಟರು

‘ಲವ್’ ಪದದ ಹಳೆಯ ಇಂಗ್ಲಿಷ್ ರೂಪ ‘ಲುಫು’. ಜರ್ಮನ್ ಭಾಷೆಯ ‘ಲೀಬೆ’ ಇದರ ಒಡಹುಟ್ಟು. ನಮಗೆ ಇನ್ನೂ ಕುತೂಹಲದ ಸಂಗತಿ ಎಂದರೆ, ಸಂಸ್ಕೃತದ ‘ಲುಭ್’ ಧಾತುವಿಗೂ ಇದಕ್ಕೂ ಮೂಲ ಒಂದೇ. ಆ ಧಾತುವಿನಿಂದ ಬಂದದ್ದೇ ಕನ್ನಡದಲ್ಲೂ ಬಳಕೆಯಲ್ಲಿರುವ ‘ಲೋಭ’. ಬಯಸುವುದು, ಹಂಬಲಿಸುವುದು ಎಂಬ ಒಂದೇ ಭಾವ ಒಂದು ಕಡೆ ಪ್ರೀತಿಯಾಯಿತು, ಇನ್ನೊಂದು ಕಡೆ ದುರಾಸೆಯಾಯಿತು. ನಂಬು ಎಂಬರ್ಥದ ಇಂಗ್ಲಿಷ್ ಪದ ‘ಬಿಲೀವ್’ ಕೂಡ ಇದೇ ಮನೆತನದ್ದು.

‘ಫ್ರೆಂಡ್’ ಪದದ ಕಥೆಯೂ ಹೀಗೆಯೇ. ಹಳೆಯ ಇಂಗ್ಲಿಷಿನಲ್ಲಿ ‘ಫ್ರೆಯೋಗನ್’ ಎಂದರೆ ಪ್ರೀತಿಸು. ಅದರಿಂದ ಬಂದ ‘ಫ್ರೆಯೋಂಡ್’ ಎಂದರೆ ಪ್ರೀತಿಸುವವನು. ಇದರ ಬೇರು ಮತ್ತು ಸಂಸ್ಕೃತದ ‘ಪ್ರಿಯ’, ‘ಪ್ರೀತಿ’ ಪದಗಳ ಬೇರು ಒಂದೇ. ಇಂಗ್ಲಿಷಿನ ‘ಫ್ರೆಂಡ್’ ಮತ್ತು ನಮ್ಮ ‘ಪ್ರೀತಿ’ ದಾಯಾದಿಗಳು. ‘ಫ್ರೀ’ ಎಂಬ ಪದ ಕೂಡ ಇದೇ ಬೇರಿನದು: ಮನೆಯಲ್ಲಿ ಗುಲಾಮರಾಗಿರದೆ ಪ್ರಿಯರಾದ ಬಂಧುಗಳಾಗಿದ್ದವರೇ ಸ್ವತಂತ್ರರು.

ಇಲ್ಲಿ ಒಂದು ಎಚ್ಚರ ಬೇಕು. ‘ಇಂಗ್ಲಿಷಿನ ಲವ್ ಸಂಸ್ಕೃತದಿಂದ ಬಂದದ್ದು’ ಎಂದು ಯಾರಾದರೂ ಬರೆದರೆ ಅದು ತಪ್ಪು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಹಳೆಯ ಮೂಲದಿಂದ ಕವಲೊಡೆದಿರಬೇಕು ಎಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಹೇಳಿದರು. ಇಂಗ್ಲಿಷ್ ಕೂಡ ಅದೇ ಇಂಡೋ-ಯುರೋಪಿಯನ್ ಕುಟುಂಬಕ್ಕೆ ಸೇರಿದ್ದು. ಅಣ್ಣನ ಮಗಳು ತಮ್ಮನ ಮಗಳಿಂದ ಹುಟ್ಟುವುದಿಲ್ಲ, ಇಬ್ಬರಿಗೂ ಅಜ್ಜ ಒಬ್ಬನೇ. ಕನ್ನಡ ಸೇರಿರುವುದು ಬೇರೆ ಮನೆಗೆ, ದ್ರಾವಿಡ ಕುಟುಂಬಕ್ಕೆ. ಲೋಭ, ಪ್ರಿಯ, ಪ್ರೀತಿ ನಾವು ಸಂಸ್ಕೃತದಿಂದ ತಂದುಕೊಂಡವು. ಒಲವು, ನಲ್ಮೆ ನಮ್ಮವೇ.

ಇದನ್ನು ಓದಿ ‘ಲವ್ ಅಂದರೆ ನಿಜವಾಗಿ ಲೋಭ’ ಎಂದು ಹೊಸ ಫಾರ್ವರ್ಡ್ ಮಾಡಿಬಿಡಬೇಡಿ. ಮೂಲ ಒಂದೇ ಆದ ಮಾತ್ರಕ್ಕೆ ಅರ್ಥ ಒಂದೇ ಆಗುವುದಿಲ್ಲ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಟೆನಿಸ್‌ನಲ್ಲಿ ಸೊನ್ನೆಗೆ ‘ಲವ್’ ಎನ್ನುವುದೇಕೆ ಎಂಬ ಪ್ರಶ್ನೆಯೂ ಆಗಾಗ ಬರುತ್ತದೆ. ಫ್ರೆಂಚ್‌ನಲ್ಲಿ ಮೊಟ್ಟೆಗೆ ‘ಲಫ್’ ಎನ್ನುತ್ತಾರೆ, ಸೊನ್ನೆ ಮೊಟ್ಟೆಯ ಆಕಾರದಲ್ಲಿದೆ, ಅದೇ ಲವ್ ಆಯಿತು ಎಂಬ ಕಥೆ ಜನಪ್ರಿಯ. ಆದರೆ ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಹಣ ಕಟ್ಟದೆ ಬರೀ ಪ್ರೀತಿಗಾಗಿ ಆಡುವುದು, ಅಂದರೆ ಏನೂ ಇಲ್ಲದೆ ಆಡುವುದು ಎಂಬ ಹಳೆಯ ಇಂಗ್ಲಿಷ್ ಮಾತಿನಿಂದ ಇದು ಬಂದಿರಬಹುದು ಎಂಬುದನ್ನೇ ನಿಘಂಟುಕಾರರು ಹೆಚ್ಚು ಒಪ್ಪುತ್ತಾರೆ.

ಹಸ್ಬೆಂಡ್, ವೈಫ್, ಬ್ರೈಡ್‌ಗ್ರೂಮ್

ಉತ್ತರ ಯುರೋಪಿನ ವೈಕಿಂಗರು ಇಂಗ್ಲೆಂಡಿಗೆ ಬಂದು ನೆಲೆಸಿದಾಗ ತಮ್ಮ ನಾರ್ಸ್ ಭಾಷೆಯ ಎಷ್ಟೋ ಪದಗಳನ್ನು ಅಲ್ಲಿ ಬಿಟ್ಟರು. ‘ಹೂಸ್‌ಬೋಂಡಿ’ ಅದರಲ್ಲೊಂದು. ‘ಹೂಸ್’ ಎಂದರೆ ಮನೆ. ‘ಬೋಂಡಿ’ ಎಂದರೆ ಸ್ವಂತ ನೆಲ ಇಟ್ಟುಕೊಂಡು ಒಕ್ಕಲುತನ ಮಾಡುವ ಗೃಹಸ್ಥ. ಹಾಗಾಗಿ ‘ಹಸ್ಬೆಂಡ್’ ಎಂದರೆ ಮೊದಲು ಮನೆಯೊಡೆಯ. ಮದುವೆಯಾಗಿರಲೇಬೇಕು ಎಂದೇನೂ ಇರಲಿಲ್ಲ. ಮದುವೆಯಾದ ಗಂಡಸು ಎಂಬ ಅರ್ಥ ನಂತರ ಬಂತು. ಫಾರ್ವರ್ಡ್ ಹೇಳುವ ‘ಬ್ಯಾಂಡ್’ ಅಲ್ಲಿ ಎಲ್ಲೂ ಇಲ್ಲ.

ಆ ಹಳೆಯ ಅರ್ಥದ ಕುರುಹು ನಮ್ಮೂರಿನಲ್ಲೇ ಇದೆ. ಪಶು ಆಸ್ಪತ್ರೆಯ ಬೋರ್ಡಿನಲ್ಲಿ ‘ಪಶುಸಂಗೋಪನಾ ಇಲಾಖೆ’ ಎಂಬುದರ ಪಕ್ಕದ ಇಂಗ್ಲಿಷ್ ಹೆಸರನ್ನು ಗಮನಿಸಿ: ‘ಅನಿಮಲ್ ಹಸ್ಬೆಂಡರಿ’. ಅಲ್ಲಿ ಗಂಡನಿಗೆ ಕೆಲಸವಿಲ್ಲ. ಒಕ್ಕಲುತನ, ಜೋಪಾನ ಮಾಡುವುದು ಎಂಬ ಹಳೆಯ ಅರ್ಥವೇ ಅಲ್ಲಿ ಉಳಿದುಕೊಂಡಿದೆ.

‘ವೈಫ್’ ಇನ್ನೂ ಸರಳ. ಹಳೆಯ ಇಂಗ್ಲಿಷಿನ ‘ವೀಫ್’ ಎಂದರೆ ಹೆಂಗಸು. ಮದುವೆಯಾಗಿದ್ದರೂ ಆಗದಿದ್ದರೂ ಹೆಂಗಸು. ಸೂಲಗಿತ್ತಿಗೆ ಹೇಳುವ ‘ಮಿಡ್‌ವೈಫ್’ ಪದದಲ್ಲಿ ಇದು ಹಾಗೇ ಉಳಿದಿದೆ. ಅಲ್ಲಿ ‘ಮಿಡ್’ ಎಂದರೆ ಜೊತೆ. ಹೆರುವ ತಾಯಿಯ ಜೊತೆಗಿರುವ ಹೆಂಗಸೇ ಮಿಡ್‌ವೈಫ್. ‘ಮನ್’ ಎಂದರೆ ಆಗ ಗಂಡು ಹೆಣ್ಣು ಎನ್ನದೆ ಮನುಷ್ಯ. ‘ವೀಫ್’ ಮತ್ತು ‘ಮನ್’ ಸೇರಿ ‘ವುಮನ್’ ಆಯಿತು. ಹಾಗೆಯೇ ‘ಗರ್ಲ್’ ಎಂಬ ಪದಕ್ಕೆ ಸುಮಾರು 1300ರ ಹೊತ್ತಿನಲ್ಲಿ ಮಗು ಎಂದರ್ಥ. ಗಂಡುಮಗುವನ್ನೂ ಗರ್ಲ್ ಎನ್ನುತ್ತಿದ್ದರು.

ಮದುಮಗನಿಗೆ ‘ಬ್ರೈಡ್‌ಗ್ರೂಮ್’ ಎನ್ನುತ್ತಾರೆ. ಗ್ರೂಮ್ ಎಂದರೆ ಕುದುರೆಯ ಮೈ ಉಜ್ಜುವ ಆಳು, ಹಾಗಾಗಿ ಮದುವೆಯಾದವನು ಹೆಂಡತಿಯ ಆಳು ಎಂಬ ನಗೆಹನಿಯೂ ಸುತ್ತಾಡುತ್ತದೆ. ನಡೆದದ್ದು ಬೇರೆ. ಹಳೆಯ ಪದ ‘ಬ್ರೂಡ್‌ಗುಮ’. ‘ಗುಮ’ ಎಂದರೆ ಗಂಡಸು, ಒಟ್ಟಿನಲ್ಲಿ ವಧುವಿನ ಗಂಡಸು. ಕಾಲ ಕಳೆದಂತೆ ‘ಗುಮ’ ಪದ ಬಳಕೆ ತಪ್ಪಿ ಯಾರಿಗೂ ತಿಳಿಯದಾಯಿತು. ಕಿವಿಗೆ ಅದರಂತೆಯೇ ಕೇಳುವ, ಹುಡುಗ ಅಥವಾ ಆಳು ಎಂಬರ್ಥದ ‘ಗ್ರೂಮ್’ ಅನ್ನು 16ನೇ ಶತಮಾನದ ಹೊತ್ತಿಗೆ ಜನ ಆ ಜಾಗದಲ್ಲಿ ಕೂರಿಸಿದರು. ಅಂದರೆ ತಪ್ಪು ಪದಮೂಲ ಹಬ್ಬಿಸಲು ವಾಟ್ಸಾಪ್ ಬೇಕೇ ಬೇಕು ಎಂದಿಲ್ಲ. ಬಾಯಿಂದ ಬಾಯಿಗೂ ಅದು ನಡೆಯುತ್ತದೆ.

ಒತ್ತೆ, ಬೆಲೆ ಮತ್ತು ಒಂದು ಹಳೆಯ ಪತ್ರ

‘ವೆಡ್ಡಿಂಗ್’ ಪದದ ಬೇರು ‘ವೆಡ್’. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಒತ್ತೆ, ಭದ್ರತೆಗಾಗಿ ಇಟ್ಟ ವಸ್ತು, ಮಾತು ಕೊಡುವುದು ಎಂಬ ಅರ್ಥಗಳಿದ್ದವು. ನಿಶ್ಚಿತಾರ್ಥಕ್ಕೆ ಹೇಳುವ ‘ಎಂಗೇಜ್‌ಮೆಂಟ್’ ಒಳಗೆ ಇರುವ ‘ಗೇಜ್’ ಕೂಡ ಒತ್ತೆಯೇ. ಬ್ಯಾಂಕಿನವರು ಹೇಳುವ ‘ಮಾರ್ಟ್‌ಗೇಜ್’, ಅಂದರೆ ಅಡಮಾನ, ಅದೇ ‘ಗೇಜ್’ ಇರುವ ಪದ. ಕೂಲಿ, ಸಂಬಳ ಎಂಬರ್ಥದ ‘ವೇಜ್’ ಕೂಡ ಈ ಬಳಗದ್ದೇ. ಉಂಗುರ ತೊಡಿಸುವುದು, ಸೈಟು ಅಡವಿಡುವುದು, ತಿಂಗಳ ಸಂಬಳ ಎಣಿಸುವುದು ಇವೆಲ್ಲವೂ ಪದಗಳ ಲೆಕ್ಕದಲ್ಲಿ ಒಂದೇ ಮನೆಯವು.

‘ಡಿಯರ್’ ಎಂಬ ಸಂಬೋಧನೆಯಲ್ಲಿ ಬೆಲೆ ಇನ್ನೂ ನೇರವಾಗಿದೆ. ಹಳೆಯ ಇಂಗ್ಲಿಷಿನ ‘ಡಿಯೋರೆ’ ಎಂದರೆ ಅಮೂಲ್ಯವಾದದ್ದು, ತುಟ್ಟಿಯಾದದ್ದು. ‘ಡಾರ್ಲಿಂಗ್’ ಎಂದರೆ ಹಾಗೆ ಅಮೂಲ್ಯವಾದ ಪುಟ್ಟ ಜೀವ. ನೀವು ಸರ್ಕಾರಿ ನೌಕರರಾಗಿದ್ದರೆ ಈ ಹಳೆಯ ಅರ್ಥ ಪ್ರತಿ ತಿಂಗಳು ನಿಮ್ಮ ಸಂಬಳದ ಚೀಟಿಯಲ್ಲಿ ಅಚ್ಚಾಗಿರುತ್ತದೆ. ‘ಡಿ.ಎ.’ ಎಂದರೆ ‘ಡಿಯರ್‌ನೆಸ್ ಅಲೊವೆನ್ಸ್’, ಕನ್ನಡದಲ್ಲಿ ತುಟ್ಟಿಭತ್ಯೆ. ಅಲ್ಲಿ ಡಿಯರ್ ಎಂದರೆ ಪ್ರಿಯ ಅಲ್ಲ, ತುಟ್ಟಿ.

ಪ್ರೀತಿಯ ಪದಗಳಲ್ಲಿ ಒತ್ತೆ, ಬೆಲೆ, ಮನೆಯೊಡೆತನ ಇಷ್ಟೊಂದು ಇರುವುದೇಕೆ? ಆ ಕಾಲದ ಮದುವೆ ಎರಡು ಮನೆತನಗಳ ನಡುವಿನ ವ್ಯವಹಾರವೂ ಆಗಿತ್ತು. ಇದಕ್ಕೆ ಒಂದು ದಾಖಲೆ ಇದೆ. ಇಂಗ್ಲಿಷಿನಲ್ಲಿ ಉಳಿದಿರುವ ಅತಿ ಹಳೆಯ ವ್ಯಾಲೆಂಟೈನ್ ಪತ್ರ ಎಂದು ಹೆಸರಾದದ್ದು 1477ರ ಫೆಬ್ರವರಿಯದು. ನಾರ್ಫೋಕ್ ಪ್ರಾಂತ್ಯದ ಮಾರ್ಜರಿ ಬ್ರೂಸ್ ಎಂಬ ಯುವತಿ ತಾನು ಮದುವೆಯಾಗಬೇಕಿದ್ದ ಜಾನ್ ಪಾಸ್ಟನ್‌ಗೆ ಬರೆಸಿದ್ದು. ಈಗ ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಆ ಪತ್ರದಲ್ಲಿ ಅವಳು ಅವನನ್ನು ತನ್ನ ಪ್ರೀತಿಯ ವ್ಯಾಲೆಂಟೈನ್ ಎಂದು ಕರೆಯುತ್ತಾಳೆ, ತನ್ನ ಮೈಮನಸ್ಸು ಸರಿಯಿಲ್ಲ ಎನ್ನುತ್ತಾಳೆ. ಹಾಗೇ ಮುಂದಿನ ಮಾತು ವರದಕ್ಷಿಣೆಯದು. ಅಪ್ಪ ಕೊಡುವ ಹಣವನ್ನು ಹೆಚ್ಚಿಸುವಂತೆ ಅಮ್ಮ ಒತ್ತಾಯಿಸಿದ್ದಾಳೆ, ಆದರೆ ಅಪ್ಪ ಜಗ್ಗುತ್ತಿಲ್ಲ. ನನ್ನ ಮೇಲೆ ನಿನಗೆ ಪ್ರೀತಿ ಇದ್ದರೆ ಇಷ್ಟಕ್ಕಾಗಿ ನನ್ನನ್ನು ಕೈಬಿಡುವುದಿಲ್ಲ ಎಂಬ ನಂಬಿಕೆ ನನಗಿದೆ ಎಂದು ಅವಳು ಹೇಳುತ್ತಾಳೆ. ಅವರಿಬ್ಬರ ಮದುವೆ ಅದೇ ವರ್ಷ ನಡೆಯಿತು.

‘ವರದಕ್ಷಿಣೆ ನಮ್ಮಲ್ಲಿ ಮಾತ್ರ, ಇಂಗ್ಲಿಷರದ್ದು ಬರೀ ಲವ್’ ಎನ್ನುವವರಿಗೂ, ‘ಪ್ರೀತಿ ಎಂಬುದು ಪಶ್ಚಿಮದ ಹೊಸ ಚಾಳಿ’ ಎನ್ನುವವರಿಗೂ ಈ ಒಂದು ಪತ್ರ ಸಾಕು. ಐದು ನೂರು ವರ್ಷಗಳ ಹಿಂದೆ, ಒಂದೇ ಹಾಳೆಯಲ್ಲಿ, ಪ್ರೀತಿಯೂ ಇತ್ತು, ಹಣದ ಚೌಕಾಸಿಯೂ ಇತ್ತು.

ಹನಿಮೂನ್: ಬ್ಯಾಬಿಲಾನ್‌ನಿಂದ ಬಂದಿದ್ದಲ್ಲ

ಫಾರ್ವರ್ಡ್ ಹೀಗಿರುತ್ತದೆ: ‘4000 ವರ್ಷಗಳ ಹಿಂದೆ ಬ್ಯಾಬಿಲಾನ್‌ನಲ್ಲಿ ಮಾವ ತನ್ನ ಅಳಿಯನಿಗೆ ಒಂದು ತಿಂಗಳು ಜೇನಿನ ಮದ್ಯ ಕುಡಿಸುತ್ತಿದ್ದ. ಅದೇ ಹನಿಮೂನ್.’ ಕೇಳಲು ಚೆನ್ನಾಗಿದೆ. ಆದರೆ ಬ್ಯಾಬಿಲಾನ್‌ನ ಪದ್ಧತಿಯೊಂದು ಮೂರೂವರೆ ಸಾವಿರ ವರ್ಷ ಸದ್ದಿಲ್ಲದೆ ಇದ್ದು ಇಂಗ್ಲಿಷಿನಲ್ಲಿ ಮಾತ್ರ ಪದವಾಗಿ ಎದ್ದುಬಂತು ಎಂಬುದಕ್ಕೆ ನಡುವಿನ ಯಾವ ಕೊಂಡಿಯೂ ಇಲ್ಲ.

ಇಂಗ್ಲಿಷ್ ಬರಹದಲ್ಲಿ ‘ಹನಿಮೂನ್’ ಕಾಣಿಸಿಕೊಳ್ಳುವುದು 16ನೇ ಶತಮಾನದ ನಡುವಿನಲ್ಲಿ. ಜಾನ್ ಹೇವುಡ್ 1546ರಲ್ಲಿ ಪ್ರಕಟಿಸಿದ ಗಾದೆಗಳ ಪುಸ್ತಕದಲ್ಲಿ ಅದಿದೆ. 1552ರ ರಿಚರ್ಡ್ ಹುಲೋಟ್‌ನ ನಿಘಂಟು ಅದರ ಅರ್ಥವನ್ನೂ ವಿವರಿಸುತ್ತದೆ. ಹೊಸದಾಗಿ ಮದುವೆಯಾದವರ ಪ್ರೀತಿ ಮೊದಲು ಜೇನಿನಂತೆ ಸಿಹಿ. ಆದರೆ ಹುಣ್ಣಿಮೆಯ ಚಂದ್ರನಂತೆ ಅದೂ ಕರಗುತ್ತಾ ಹೋಗುತ್ತದೆ. ಅಂದರೆ ಈ ಪದ ಹುಟ್ಟಿದ್ದು ಒಂದು ಕೀಟಲೆಯ ಮಾತಾಗಿ. ಮದುವೆಯ ನಂತರದ ಪ್ರವಾಸ ಎಂಬ ಅರ್ಥ ಬಂದದ್ದು ಎಷ್ಟೋ ಕಾಲದ ಮೇಲೆ.

ನಾವು ಇದನ್ನೇ ಪದಕ್ಕೆ ಪದ ಇಟ್ಟು ‘ಮಧುಚಂದ್ರ’ ಮಾಡಿಕೊಂಡೆವು. ‘ಮಧುಚಂದ್ರ’ ಕೇಳಲು ಪುರಾಣ ಕಾಲದ ಪದದಂತಿದ್ದರೂ ಅದು ಇಂಗ್ಲಿಷಿನ ಅನುವಾದ. ಆದರೆ ಅದರೊಳಗಿನ ‘ಮಧು’ವಿಗೆ ಇಂಗ್ಲಿಷಿನಲ್ಲಿ ಒಬ್ಬ ನಿಜವಾದ ನೆಂಟನಿದ್ದಾನೆ: ಜೇನಿನ ಮದ್ಯಕ್ಕೆ ಅವರು ಹೇಳುವ ‘ಮೀಡ್’. ಎರಡಕ್ಕೂ ಬೇರು ಒಂದೇ. ಫಾರ್ವರ್ಡ್ ಮಾಡುವವರು ಬ್ಯಾಬಿಲಾನ್ ಬಿಟ್ಟು ಇದನ್ನು ಹಿಡಿದಿದ್ದರೆ ಸತ್ಯವೂ ಆಗುತ್ತಿತ್ತು, ಸ್ವಾರಸ್ಯವೂ ಇರುತ್ತಿತ್ತು.

ಮರುಳು, ನೋವು ಮತ್ತು ಆಡುಭಾಷೆ

‘ಐ ಆಮ್ ಫಾಂಡ್ ಆಫ್ ಯೂ’ ಎಂದರೆ ಈಗ ನಿನ್ನನ್ನು ಕಂಡರೆ ನನಗೆ ಅಕ್ಕರೆ. ಆದರೆ ಷೇಕ್ಸ್‌ಪಿಯರ್ ಕಾಲದಲ್ಲೂ ‘ಫಾಂಡ್’ ಎಂದರೆ ಮೂರ್ಖ, ಪೆದ್ದ ಎಂಬ ಅರ್ಥ ಚಾಲ್ತಿಯಲ್ಲಿತ್ತು. ಪ್ರೀತಿಯಲ್ಲಿ ಬಿದ್ದವನು ಪೆದ್ದನಂತೆ ಆಡುತ್ತಾನೆ ಎಂಬ ದಾರಿಯಲ್ಲಿ ಅರ್ಥ ಜಾರಿತು. ಇದು ನಮಗೆ ಹೊಸದೇನಲ್ಲ. ‘ಅವಳಿಗೆ ಮರುಳಾದ’ ಎಂದು ನಾವೂ ಹೇಳುತ್ತೇವೆ, ಮರುಳು ಎಂದರೆ ಹುಚ್ಚು.

‘ಪ್ಯಾಶನ್’ ಬಂದಿರುವುದು ಅನುಭವಿಸು, ನೋವು ತಿನ್ನು ಎಂಬರ್ಥದ ಲ್ಯಾಟಿನ್ ಪದದಿಂದ. ಏಸುವಿನ ಕೊನೆಯ ಯಾತನೆಯ ಕಥೆಗೆ ಕ್ರೈಸ್ತರು ‘ಪ್ಯಾಶನ್’ ಎನ್ನುವುದು ಇದೇ ಕಾರಣಕ್ಕೆ. ಆಸ್ಪತ್ರೆಯ ‘ಪೇಶಂಟ್’ ಕೂಡ ಅದೇ ಬೇರಿನವನು, ನೋವು ಅನುಭವಿಸುವವನು.

‘ರೊಮ್ಯಾನ್ಸ್’ ಎಂಬುದಕ್ಕೂ ಪ್ರೀತಿಗೂ ಮೊದಲು ಸಂಬಂಧವೇ ಇರಲಿಲ್ಲ. ಹಳೆಯ ಫ್ರಾನ್ಸಿನಲ್ಲಿ ಪಂಡಿತರ ಲ್ಯಾಟಿನ್ ಬಿಟ್ಟು ಜನರ ಆಡುಭಾಷೆಯಲ್ಲಿ ಬರೆದದ್ದಕ್ಕೆ ‘ರೊಮಾಂಜ್’ ಎನ್ನುತ್ತಿದ್ದರು. ಆ ಭಾಷೆಯಲ್ಲಿ ಹೆಚ್ಚಾಗಿ ಬರುತ್ತಿದ್ದದ್ದು ವೀರರ ಸಾಹಸದ ಕಥೆಗಳು. ಆ ಕಥೆಗಳಲ್ಲಿ ಪ್ರೇಮವೂ ಇರುತ್ತಿತ್ತು. ಹೀಗೆ ಭಾಷೆಯ ಹೆಸರು ಕಥೆಯ ಹೆಸರಾಗಿ, ಕೊನೆಗೆ ಕಥೆಯೊಳಗಿನ ಪ್ರೇಮದ ಹೆಸರಾಯಿತು.

ಹೆಣ್ಣಿನ ಪದಗಳೇ ಏಕೆ ಕೆಡುತ್ತವೆ?

ಈವರೆಗಿನದು ಸ್ವಾರಸ್ಯದ ಮಾತಾಯಿತು. ಇನ್ನು ಮುಂದಿನದು ಸ್ವಲ್ಪ ಗಂಭೀರ.

‘ಮಾಸ್ಟರ್’ ಮತ್ತು ‘ಮಿಸ್ಟ್ರೆಸ್’ ಜೋಡಿ ಪದಗಳು. ಮನೆಯೊಡೆಯ ಮಾಸ್ಟರ್, ಮನೆಯೊಡತಿ ಮಿಸ್ಟ್ರೆಸ್. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ನಿಘಂಟಿನಲ್ಲಿ ‘ಮಿಸ್ಟ್ರೆಸ್’ಗೆ ಮೊದಲು ಕೊಟ್ಟ ಅರ್ಥ ಆಳುವ ಹೆಂಗಸು ಎಂದು. ನಮ್ಮ ಶಾಲೆಗಳ ‘ಹೆಡ್‌ಮಿಸ್ಟ್ರೆಸ್’ನಲ್ಲಿ ಆ ಗೌರವ ಇನ್ನೂ ಇದೆ. ‘ಮಿಸೆಸ್’ ಮತ್ತು ‘ಮಿಸ್’ ಎರಡೂ ಹುಟ್ಟಿದ್ದು ಅದೇ ಪದದಿಂದ. ಆದರೆ ಒಂಟಿಯಾಗಿ ‘ಮಿಸ್ಟ್ರೆಸ್’ ಎಂದರೆ ಇವತ್ತು ಮದುವೆಯಾದ ಗಂಡಸು ಹೊರಗೆ ಇಟ್ಟುಕೊಂಡವಳು ಎಂದರ್ಥ. ‘ಮಾಸ್ಟರ್’ಗೆ ಅಂಥ ಗತಿ ಬರಲಿಲ್ಲ.

ಇನ್ನೊಂದು ಜೋಡಿ ‘ಬ್ಯಾಚುಲರ್’ ಮತ್ತು ‘ಸ್ಪಿನ್‌ಸ್ಟರ್’. ‘ಬ್ಯಾಚುಲರ್’ ಎಂದರೆ ಮೊದಲು ಎಳೆಯ ಯೋಧ, ಕಲಿಕೆಯ ಹಂತದಲ್ಲಿರುವವನು. ಅದರಿಂದಲೇ ಮೊದಲ ಹಂತದ ಪದವಿಗೆ ಆ ಹೆಸರು ಬಂತು. ಬಿ.ಎ., ಬಿ.ಎಸ್ಸಿ. ಯಲ್ಲಿರುವ ‘ಬಿ’ ಅದೇ. ಮದುವೆಯಾಗದ ಗಂಡಸು ಎಂಬ ಅರ್ಥವೂ ಜೊತೆಗೆ ಸೇರಿತು. ‘ಸ್ಪಿನ್‌ಸ್ಟರ್’ ಎಂದರೆ ನೂಲು ತೆಗೆಯುವ ಹೆಂಗಸು, ಗೌರವದ ದುಡಿಮೆ. 17ನೇ ಶತಮಾನದಿಂದ ಕಾನೂನಿನ ಕಾಗದಗಳಲ್ಲಿ ಮದುವೆಯಾಗದ ಹೆಣ್ಣಿಗೆ ಈ ಪದ ಬಳಸತೊಡಗಿದರು. ಬರಬರುತ್ತ ಅದು ‘ಯಾರೂ ಮದುವೆಯಾಗದೆ ಉಳಿದವಳು’ ಎಂಬ ಹೀಯಾಳಿಕೆಯಾಯಿತು. ಸಂಸಾರ ನಡೆಸುವ ಗೃಹಿಣಿ ಎಂಬರ್ಥದ ‘ಹೌಸ್‌ವೈಫ್’ ಸವೆದು ಆದ ‘ಹಸ್ಸಿ’ ಕೂಡ ಒಂದು ಬೈಗುಳವಾಗಿ ನಿಂತಿತು.

ಇದು ಆಕಸ್ಮಿಕ ಅಲ್ಲ. ಪದ ತಾನಾಗಿ ಕೆಡುವುದಿಲ್ಲ, ಬಳಸುವವರ ನೋಟ ಅದಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿಯೇ ಪದಗಳನ್ನು ಬದಲಾಯಿಸುವ ಪ್ರಯತ್ನಗಳೂ ನಡೆದಿವೆ. 2005ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮದುವೆ ನೋಂದಣಿಯಲ್ಲಿ ‘ಬ್ಯಾಚುಲರ್’, ‘ಸ್ಪಿನ್‌ಸ್ಟರ್’ ಎರಡನ್ನೂ ಕೈಬಿಟ್ಟು ‘ಸಿಂಗಲ್’ ಎಂದು ಬರೆಯತೊಡಗಿದರು. ನಮ್ಮ ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಲಿಂಗ ತಾರತಮ್ಯದ ಪದಗಳ ಬಗ್ಗೆ ಒಂದು ಕೈಪಿಡಿ ಹೊರಡಿಸಿತು. ತೀರ್ಪು ಮತ್ತು ಅರ್ಜಿಗಳಲ್ಲಿ ಬಿಡಬೇಕಾದ ಪದಗಳ ಪಟ್ಟಿಯಲ್ಲಿ ‘ಮಿಸ್ಟ್ರೆಸ್’, ‘ಸ್ಪಿನ್‌ಸ್ಟರ್’, ‘ಹೌಸ್‌ವೈಫ್’ ಮೂರೂ ಇವೆ. ನ್ಯಾಯಾಲಯದ ಕಾಗದದಲ್ಲಿ ಒಬ್ಬ ಹೆಣ್ಣನ್ನು ಯಾವ ಪದದಿಂದ ಕರೆಯುತ್ತಾರೆ ಎಂಬುದು ಅವಳ ಮಾತಿಗೆ ಸಿಗುವ ಬೆಲೆಯನ್ನು ಬದಲಾಯಿಸಬಲ್ಲದು.

ಇದರ ಪಕ್ಕದಲ್ಲಿ ‘ವೈಫ್ ಅಂದರೆ ಶಾಶ್ವತ ಚಿಂತೆ’ ಎಂಬ ಫಾರ್ವರ್ಡ್ ಇಟ್ಟು ನೋಡಿ. ಹೆಂಗಸು ಎಂಬಷ್ಟೇ ಅರ್ಥದ ಒಂದು ಪದವನ್ನು ನಾವೇ, ನಮ್ಮ ಬೆರಳಿನಿಂದಲೇ, ಸ್ವಲ್ಪ ಸ್ವಲ್ಪವಾಗಿ ಕೆಡಿಸುತ್ತಿದ್ದೇವೆ.

ಹಳೆಯ ಅರ್ಥವೇ ನಿಜವಾದ ಅರ್ಥವೇ?

‘ಹಸ್ಬೆಂಡ್ ಎಂದರೆ ಮನೆಯೊಡೆಯ ಎಂದು ನೀವೇ ಹೇಳಿದಿರಿ, ಹಾಗಾದರೆ ಗಂಡನ ಮಾತೇ ನಡೆಯಬೇಕಲ್ಲವೇ?’ ಎಂದು ಯಾರಾದರೂ ಕೇಳಬಹುದು. ಇದಕ್ಕೆ ನಮ್ಮ ಕನ್ನಡದಲ್ಲೇ ಉತ್ತರವಿದೆ.

ವಿಜಯನಗರದ ಅರಸರಿಗೆ ಶಾಸನಗಳಲ್ಲಿ ‘ಮೂರು ರಾಯರ ಗಂಡ’ ಎಂಬ ಬಿರುದು ಇದೆ. ಹಾಗೆಂದರೆ ಮೂವರು ರಾಜರನ್ನು ಮದುವೆಯಾದವನು ಎಂದಲ್ಲ, ಮೂವರು ರಾಜರನ್ನು ಮಣಿಸಿದ ಶೂರ ಎಂದು. ಹಳೆಯ ಕನ್ನಡದಲ್ಲಿ ‘ಗಂಡ’ ಎಂದರೆ ವೀರ, ಶೂರ. ಹಾಗಂತ ಇವತ್ತು ಯುದ್ಧ ಗೆದ್ದವನೇ ನಿಜವಾದ ಗಂಡ ಎಂದು ಯಾರೂ ಹೇಳುವುದಿಲ್ಲ. ಪದದ ಹಳೆಯ ಅರ್ಥ ಆಗಿನ ಜನ ಹೇಗೆ ಬದುಕಿದ್ದರು ಎಂದು ತಿಳಿಸುತ್ತದೆ. ಈಗ ನಾವು ಹೇಗೆ ಬದುಕಬೇಕು ಎಂದು ಅದು ಹೇಳುವುದಿಲ್ಲ. ‘ಹಸ್ಬೆಂಡ್’ ಹಳೆಯ ಅರ್ಥದಿಂದ ಯಜಮಾನಿಕೆ ಸಾಬೀತಾಗುವುದಾದರೆ ‘ಫ್ಯಾಮಿಲಿ’ಯ ಹಳೆಯ ಅರ್ಥದಿಂದ ಮನೆಮಂದಿಯೆಲ್ಲ ಗುಲಾಮರಾಗಬೇಕಾಗುತ್ತದೆ.

ಹಳೆಯ ಅರ್ಥ ನಿಜಕ್ಕೂ ಉಪಯೋಗಕ್ಕೆ ಬರುವ ಜಾಗ ಹಳೆಯ ಪುಸ್ತಕಗಳನ್ನು ಓದುವಾಗ. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ನಲ್ಲಿ ಬ್ರೂಟಸ್ ಸೀಸರನನ್ನು ತನ್ನ ‘ಲವರ್’ ಎನ್ನುತ್ತಾನೆ. ಅಲ್ಲಿ ಅದರ ಅರ್ಥ ಆಪ್ತ ಗೆಳೆಯ. ಜೇನ್ ಆಸ್ಟಿನ್‌ಳ ‘ಎಮ್ಮಾ’ ಕಾದಂಬರಿಯಲ್ಲಿ ಒಬ್ಬ ಪಾದ್ರಿ ಗಾಡಿಯಲ್ಲಿ ಕೂತು ನಾಯಕಿಯೊಂದಿಗೆ ‘ಲವ್ ಮಾಡುತ್ತಾನೆ’. ಇಂದಿನ ಓದುಗರು ಬೆಚ್ಚಿಬೀಳುವ ಅಗತ್ಯವಿಲ್ಲ. ಆಗ ಆ ಮಾತಿಗೆ ಅರ್ಥ ಪ್ರೇಮ ನಿವೇದನೆ ಮಾಡುವುದು, ಒಲಿಸಿಕೊಳ್ಳಲು ಮಾತಾಡುವುದು ಎಂದಷ್ಟೇ. ಮಕ್ಕಳು ಇಂಥ ಪಾಠ ಓದುವಾಗ ಹಿರಿಯರು ಪುಸ್ತಕವನ್ನು ದೂರುವ ಮೊದಲು ನಿಘಂಟು ತೆರೆಯುವುದು ಒಳ್ಳೆಯದು.

ಫಾರ್ವರ್ಡ್ ಮಾಡುವ ಮುನ್ನ

ಮುಂದಿನ ಸಲ ‘ಈ ಪದದ ನಿಜವಾದ ಅರ್ಥ’ ಎಂಬ ಸಂದೇಶ ಬಂದಾಗ ನಾಲ್ಕು ಸಂಗತಿ ಗಮನಿಸಿ.

ಮೊದಲನೆಯದು, ಹಳೆಯ ಪದಕ್ಕೆ ಫುಲ್ ಫಾರ್ಮ್ ಕೊಟ್ಟಿದ್ದರೆ ಅದು ಸುಳ್ಳು ಎಂದೇ ಶುರುಮಾಡಿ.

ಎರಡನೆಯದು, ಕಥೆಯಲ್ಲಿ ಸಾವಿರಾರು ವರ್ಷಗಳ ಲೆಕ್ಕವಿದ್ದು ಒಂದು ಪುಸ್ತಕದ ಹೆಸರಾಗಲೀ ಇಸವಿಯಾಗಲೀ ಇಲ್ಲದಿದ್ದರೆ ಅನುಮಾನಿಸಿ.

ಮೂರನೆಯದು, ಪದವನ್ನು ನಿಘಂಟಿನಲ್ಲಿ ನೋಡಿ. 1884ರಿಂದ 1928ರವರೆಗೆ ಭಾಗಭಾಗವಾಗಿ ಪ್ರಕಟವಾದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಪ್ರತಿ ಪದವೂ ಯಾವ ಕಾಲದ ಬರಹದಲ್ಲಿ ಯಾವ ಅರ್ಥದಲ್ಲಿ ಬಂದಿದೆ ಎಂದು ಉದಾಹರಣೆ ಸಮೇತ ತೋರಿಸುತ್ತದೆ. ‘ಎಟಿಮಾನ್‌ಲೈನ್’ ಎಂಬ ಜಾಲತಾಣವನ್ನು ಮೊಬೈಲಿನಲ್ಲೇ ಉಚಿತವಾಗಿ ನೋಡಬಹುದು. ಕನ್ನಡ ಪದಗಳಿಗೆ 1894ರ ಕಿಟ್ಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇವೆ.

ನಾಲ್ಕನೆಯದು, ಆ ‘ಅರ್ಥ’ದಿಂದ ಯಾರನ್ನು ಕೆಳಗಿಡಲು ಹೊರಟಿದ್ದಾರೆ ಎಂದು ನೋಡಿ. ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

ಅಪ್ಪ ಅಮ್ಮನಿಗೆ ಪ್ರೀತಿ ತೋರಿಸಲು ‘ಫ್ಯಾಮಿಲಿ’ಯ ಅಕ್ಷರಗಳನ್ನು ಬಿಡಿಸಬೇಕಾದ ಅಗತ್ಯ ಇಲ್ಲ. ಫಾರ್ವರ್ಡ್ ಮಾಡುವ ಬದಲು ಅದೇ ಫೋನಿನಿಂದ ಒಂದು ಕರೆ ಮಾಡಿ. ಅವರಿಗೆ ಪದದ ಇತಿಹಾಸ ಬೇಕಿಲ್ಲ, ನಿಮ್ಮ ದನಿ ಸಾಕು.